ಚೆಂಡಿಗೆ ಮೆತ್ತದ ಸುಣ್ಣ

ಕೊಳ್ಳೇಗಾಲ
ಗುರುವಾರ, ೬ ಫೆಬ್ರವರಿ ೨೦೨೫

ರೂಪಾ,

ಮೊದಲು ‘ಪ್ರೀತಿಯ ರೂಪಾ’ ಎಂದೇ ಬರೆದಿದ್ದೆ. ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ. ಪ್ರೀತಿ ಇಲ್ಲವೆಂದಲ್ಲ, ಅದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಜಗಳವಾಡಲು ಬಲ ಇರುವುದಿಲ್ಲ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ. ಮಾಂಬಳ್ಳಿಯ ಪಶು ಆಸ್ಪತ್ರೆಯ ಮುಂದೆ ನಿನ್ನ ಸ್ಕೂಟರ್ ದಿನಾ ನಿಂತಿರುತ್ತದೆ ಎಂದು ಆ ದಾರಿಯ ಬಸ್ಸಿನಲ್ಲಿ ಓಡಾಡುವವರನ್ನು ಕೇಳಿ ತಿಳಿದುಕೊಂಡಿದ್ದೇನೆ. ನಾನೂ ಇದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ನಮ್ಮ ಟೆನಿಸ್ ಕ್ಲಬ್ಬಿನ ವಾಟ್ಸಾಪ್ ಗುಂಪು ಬಿಟ್ಟು ಹೋದ ಮೇಲೆ ನಾನು ಕಳಿಸಿದ ನಾಲ್ಕು ಮೆಸೇಜಿಗೂ ನೀಲಿ ಟಿಕ್ ಬಿದ್ದಿದೆ, ಒಂದಕ್ಕೂ ಉತ್ತರವಿಲ್ಲ. ಐದನೆಯದನ್ನು ಕಳಿಸಿದರೆ ಅದನ್ನು ಹನೂರು ಕ್ಲಬ್ಬಿನವರಿಗೆ ತೋರಿಸಿ ನಗುತ್ತೀಯೇನೋ ಎಂಬ ಅನುಮಾನ ಬಂತು. ಅದಕ್ಕೇ ಕಾಗದ. ನಮ್ಮ ಕೋರ್ಟು ನೋಡಿಕೊಳ್ಳುವ ಮುತ್ತಯ್ಯ ನಾಳೆ ಮಾಂಬಳ್ಳಿಯ ಮಗಳ ಮನೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕವರಿನ ಬಾಯಿಗೆ ಗೋಂದು ಹಚ್ಚಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕುತ್ತೇನೆ. ಸಹಿ ಮುಕ್ಕಾಗಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿದ್ದಾರೆ ಎಂದು ತಿಳಿ.

ನಗಬೇಡ. ಜ್ಯೋತಕ್ಕ ಕಾಫಿ ಕುಡಿಯುವ ಮುಂಚೆ ಲೋಟದ ತಳ ನೋಡುತ್ತಾಳೆ ಎಂದು ನೀನು ಆರು ವರ್ಷದಿಂದ ಆಡಿಕೊಂಡಿದ್ದೀಯ. ಇನ್ನೇನು ಮಾಡಲಿ? ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಮಗ್ಗದಿಂದ ಇಳಿದ ರೇಷ್ಮೆ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಜರಿ ಕಡಿದಿದೆ ಎಂದು ನೋಡಿ ಚೀಟಿ ಅಂಟಿಸುವವಳು ನಾನು. ಹದಿನೇಳು ವರ್ಷ ಹಾಗೆ ನೋಡಿದ ಕಣ್ಣು, ಸಂಜೆ ರಾಕೆಟ್ಟು ಹಿಡಿದ ತಕ್ಷಣ ಎಲ್ಲರನ್ನೂ ನಂಬಿಬಿಡುತ್ತದೆಯೇ?

ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ಹತ್ತನೆಯ ಭಾನುವಾರ. ಹತ್ತು ಭಾನುವಾರ ಜೊತೆಯಾಗಿ ಕೋರ್ಟಿಗೆ ಇಳಿಯದ ಜೋಡಿಯ ಹೆಸರಿನ ಹಲಗೆಯನ್ನು ಗೋಡೆಯ ಮೊಳೆಯಿಂದ ತೆಗೆಯುವುದು ನಮ್ಮ ಕ್ಲಬ್ಬಿನ ಪದ್ಧತಿ ಎಂದು ನಿನಗೆ ಗೊತ್ತು. ‘ಜ್ಯೋತಿಲಕ್ಷ್ಮಿ – ರೂಪ’ ಎಂದು ಹಸಿರು ಬಣ್ಣದಲ್ಲಿ ಬರೆದ ನಮ್ಮ ಹಲಗೆ ಇವತ್ತಿನವರೆಗೆ ಮೇಲಿನಿಂದ ಮೊದಲನೆಯ ಮೊಳೆಯಲ್ಲೇ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಾರ್ಯದರ್ಶಿ ಬಸವೇಶ ಅದನ್ನು ಇಳಿಸಿ ಮುತ್ತಯ್ಯನ ಕೈಗೆ ಕೊಡುತ್ತಾನೆ, ಅವನು ಉಜ್ಜಿ ಇನ್ನೊಂದು ಜೋಡಿಯ ಹೆಸರು ಬರೆಯುತ್ತಾನೆ. ಅದು ನಡೆಯಬಾರದು. ಹಲಗೆಗಿಂತ ದೊಡ್ಡ ಸಂಕಟವೂ ಒಂದಿದೆ, ನನ್ನ ಕೆಲಸದ್ದು. ಅದಕ್ಕೂ ನೀನೇ ಕಾರಣ ಎಂದು ಈಗ ಗೊತ್ತಾಗಿದೆ.

ಡಿಸೆಂಬರ್ ಒಂದನೆಯ ತಾರೀಖಿನ ಆಟವನ್ನು ನಾನು ತಲೆಯೊಳಗೆ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕ್ಲಬ್ಬುಗಳ ವರ್ಷದ ಕಪ್ಪಿನ ಪಂದ್ಯ. ನಿನ್ನ ಮಾಂಬಳ್ಳಿ ಯಳಂದೂರಿಗೆ ಸೇರಿದ್ದಾದರೂ, ಯಳಂದೂರಿನವರಿಗೆ ಹೆಂಗಸರ ಜೋಡಿಯೇ ಇಲ್ಲದ್ದರಿಂದ ನೀನು ನಮ್ಮ ಕಡೆ. ಎದುರಿಗೆ ಹನೂರಿನ ಮಹಾಲಕ್ಷ್ಮಮ್ಮ ಟೀಚರು, ಅವರ ತಂಗಿ. ಮೂರನೆಯ ಸೆಟ್ಟು, ನಮ್ಮದು ಐದು, ಅವರದು ಆರು. ಇನ್ನೊಂದು ಪಾಯಿಂಟು ಬಂದರೆ ಅವರು ಗೆದ್ದರು. ಟೀಚರು ಎತ್ತಿ ಹೊಡೆದ ಚೆಂಡು ನಿನ್ನ ತಲೆಯ ಮೇಲಿಂದ ಹಾದು ನನ್ನ ಹಿಂದಿನ ಮೂಲೆಯಲ್ಲಿ ಬಿತ್ತು. ನಾನು ಔಟ್ ಎಂದು ಕೂಗಿದೆ.

ನಮ್ಮಲ್ಲಿ ಅಂಪೈರ್ ಎಂದಿಗೂ ಇದ್ದಿಲ್ಲ. ನಮ್ಮ ಕಡೆ ಬಿದ್ದ ಚೆಂಡಿಗೆ ನಮ್ಮ ಮಾತೇ ಕೊನೆ, ಅವರ ಕಡೆ ಬಿದ್ದದ್ದಕ್ಕೆ ಅವರ ಮಾತು. ಮೂರನೆಯ ಸೆಟ್ಟಿನ ಹೊತ್ತಿಗೆ ಮಣ್ಣೆಲ್ಲ ತುಳಿದು ಹೋಗಿರುವುದರಿಂದ ನೆಲದ ಗುರುತನ್ನು ಯಾರೂ ನಂಬುವುದಿಲ್ಲ. ಅನುಮಾನ ಬಂದರೆ ‘ಚೆಂಡು ತೋರಿಸಿ’ ಎನ್ನಬಹುದು. ಶನಿವಾರ ಸಂಜೆ ಮುತ್ತಯ್ಯ ನೀರು ಚಿಮುಕಿಸಿ, ರೋಲರ್ ಎಳೆದು, ಹಗ್ಗ ಕಟ್ಟಿ ಬಿಡುವ ಸುಣ್ಣದ ಗೆರೆಗೆ ತಾಗಿದ ಚೆಂಡಿನ ಮೈಗೆ ಬಿಳಿ ಮೆತ್ತಿಕೊಂಡಿರುತ್ತದೆ. ಬಿಳಿ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಅವರು ಚೆಂಡು ತೋರಿಸಿ ಎಂದರು. ನಾನು ಬೇಲಿಯವರೆಗೆ ಹೋಗಿ ಚೆಂಡು ಎತ್ತಿಕೊಂಡು ಬಂದು ನೆಟ್ಟಿನ ಹತ್ತಿರ ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದೆ. ಬಿಳಿಯ ಸುಳಿವೂ ಇರಲಿಲ್ಲ. ಮಹಾಲಕ್ಷ್ಮಮ್ಮನೇ ತಲೆ ಆಡಿಸಿ ತಮ್ಮ ಜಾಗಕ್ಕೆ ತಿರುಗಿದ್ದರು. ಆಗ ನೀನು, ನನ್ನ ಜೋಡಿಯವಳು, ಎಲ್ಲರ ಮುಂದೆ ಬಾಯಿ ಬಿಟ್ಟೆ. ಒಳಗೇ ಬಿದ್ದದ್ದು ಅಕ್ಕ, ನಾನ್ ನೋಡ್ದೆ, ಪಾಯಿಂಟ್ ಅವರ್ದು ಎಂದೆ. ಒಂದೇ ಜೋಡಿಯ ಇಬ್ಬರು ಬೇರೆ ಬೇರೆ ಮಾತಾಡಿದರೆ ಪಾಯಿಂಟು ಎದುರಿನವರಿಗೆ ಹೋಗುತ್ತದೆ. ಎರಡು ವರ್ಷ ನಮ್ಮಲ್ಲಿದ್ದ ಕಪ್ಪು ಹನೂರಿನ ಬಸ್ಸು ಹತ್ತಿತು.

ನಾನು ಆಗ ಏನೆಂದೆ ಎಂದು ಮರೆತಿಲ್ಲ. ಯಾರಿಗೆ ಮಾರಿಕೊಂಡೆ ಎಂದು ಕೇಳಿದೆ. ಅಷ್ಟು ಜನರ ಮುಂದೆ ಕೇಳಬಾರದಿತ್ತು. ನೀನು ಬ್ಯಾಗು ಎತ್ತಿಕೊಂಡು ಹೊರಟೆ, ಗಡಿಬಿಡಿಯಲ್ಲಿ ನನ್ನ ಬ್ಯಾಗನ್ನೇ ತೆಗೆದುಕೊಂಡು ಹೋಗಿದ್ದೆ. ಆ ವಾರದಲ್ಲೇ ಬ್ಯಾಗು ವಾಪಸ್ ಬಂತು. ಒಳಗೆ ನನ್ನ ನೀಲಿ ಟವೆಲನ್ನು ಒಗೆದು, ಇಸ್ತ್ರಿ ಮಾಡಿ, ನ್ಯೂಸ್ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದೆ. ಬೆವರಿನ ಟವೆಲನ್ನು ಯಾರಾದರೂ ಇಸ್ತ್ರಿ ಮಾಡುತ್ತಾರೆಯೇ? ತಪ್ಪು ಮಾಡಿದವರ ಉಪಚಾರ ಇದು ಎಂದುಕೊಂಡು ಕಟ್ಟನ್ನು ಬಿಚ್ಚಿಯೂ ನೋಡದೆ ಬೀರುವಿನ ಮೇಲೆ ಎಸೆದೆ. ಅದು ಅಲ್ಲೇ ಇದೆ.

ಆಮೇಲೆ ನನ್ನ ಅನುಮಾನಕ್ಕೆ ಕೈಕಾಲು ಬಂತು. ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ಮುತ್ತಯ್ಯ ಗೆರೆಯನ್ನು ಸೊಟ್ಟ ಎಳೆದಿದ್ದನೇ ಎಂದು ಟೇಪು ಹಿಡಿದು ಅಳೆದೆ. ತಮಿಳುನಾಡಿನ ಗಡಿಯ ಹೂಗ್ಯಂ ಕಡೆಯ ಮನುಷ್ಯ, ಕೋಪ ಬಂದರೆ ಅರ್ಧ ತಮಿಳು. ಬೀಡಿ ಕಚ್ಚಿಕೊಂಡು ನೋಡುತ್ತಾ ನಿಂತಿದ್ದವನು, ‘ಸೆರಿ ಕಣಮ್ಮ, ಅಳೀರಿ. ಇಪ್ಪತ್ತ್ ವರ್ಸದಿಂದ ಎಳೀತಾವ್ನಿ, ಗೆರೆ ಯಾರ್ ಕಡೀಕೂ ವಾಲಕಿಲ್ಲ’ ಎಂದ. ಗೆರೆ ನೆಟ್ಟಗೇ ಇತ್ತು. ಹಾಗಾದರೆ ವಾಲಿದ್ದು ನೀನೇ ಎಂದು ತೀರ್ಮಾನಿಸಿದೆ.

ಸಂಕ್ರಾಂತಿಗೆ ಮುಂಚಿನ ವಾರ ಒಂದು ಸುದ್ದಿ ಬಂತು. ನೀನು ಹನೂರಿನಲ್ಲಿ ಓಡಾಡುತ್ತಿದ್ದೀಯ ಎಂದು. ಹನೂರಿನ ಹತ್ತಿರದ ಶಾಗ್ಯದ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ನಿನ್ನನ್ನು ಹಾಕಿದ್ದಾರಂತೆ. ಲಸಿಕೆ ದನಕ್ಕೆ ತಾನೇ, ಟೀಚರ ಮನೆಗೆ ಏಕೆ ಹೋಗಬೇಕು? ನಾನು ನಮ್ಮ ಯಜಮಾನರಿಗೆ ಸೋದರತ್ತೆಯನ್ನು ನೋಡಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಮಹಾಲಕ್ಷ್ಮಮ್ಮನ ಮನೆಯ ಎದುರು ಬೇಕರಿ ಇದೆಯಲ್ಲ, ಅಲ್ಲಿ ಬೇಡದಿದ್ದರೂ ಎರಡು ಬನ್ನು ತಿನ್ನುತ್ತಾ ಮುಕ್ಕಾಲು ಗಂಟೆ ಕೂತೆ. ನಿನ್ನ ಸ್ಕೂಟರ್ ಅವರ ಬಾಗಿಲಲ್ಲೇ ಇತ್ತು. ನೀನು ಹೊರಗೆ ಬಂದೆ. ಟೀಚರು ನಿನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು, ಒಂದು ಚೀಲ ಅವರೆಕಾಯಿಯನ್ನು ಸ್ಕೂಟರಿಗೆ ಇಟ್ಟರು. ಸೋತವರಿಗೆ ಅವರೆಕಾಯಿ ಕೊಟ್ಟು ಕಳಿಸುವವರನ್ನು ನಾನಂತೂ ಕಂಡಿಲ್ಲ. ಸಾಕ್ಷಿ ಸಿಕ್ಕಿತು ಎಂದು ನನಗೆ ಎಂಥ ಸಮಾಧಾನವಾಯಿತೆಂದರೆ, ವಾಪಸ್ ಬರುವ ಬಸ್ಸಿನಲ್ಲಿ ಅಳು ಬಂತು.

ಅದಾದ ಮೂರನೆಯ ದಿನ ನಮ್ಮ ಧಣಿ ಪುಟ್ಟಮಾದಪ್ಪನವರು ನನ್ನನ್ನು ಕರೆದರು. ಕಿಟಕಿಯ ಹತ್ತಿರದ ನನ್ನ ಮೇಜಿಗೆ ಬೇರೆಯವಳನ್ನು ಕೂರಿಸಿದ್ದರು. ನನಗೆ ಸೀರೆ ಮಡಿಸುವ ಕೆಲಸ. ‘ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ, ಕಣ್ ಮಂಜಾಗಿದ್ದಂತಲ್ಲ. ಡಾಕ್ಟ್ರ ಚೀಟಿ ತಕಂಬನ್ನಿ, ಆಮೇಲ್ ನೋಡವ’ ಎಂದರು. ನನ್ನ ಕಣ್ಣು ಮಂಜಾಗಿದೆ ಎಂದು ಇವರಿಗೆ ಯಾರು ಹೇಳಿದರು? ಮೂರು ವಾರದಿಂದ ಮಡಿಸುತ್ತಿದ್ದೇನೆ ರೂಪಾ. ನನ್ನ ಮೇಜಿಗೆ ಬಂದವಳು ಪಾಸು ಮಾಡಿದ ಸೀರೆಗಳಲ್ಲಿ ಬಿಟ್ಟ ಎಳೆಗಳು ಮಡಿಸುವಾಗ ನನಗೆ ಕಾಣುತ್ತವೆ. ಹೇಳುವ ಹಾಗಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ.

ಪುಟ್ಟಮಾದಪ್ಪನವರ ಬಾಮೈದ ನಮ್ಮ ಬಸವೇಶ. ಹೋದ ವಾರ ಬುಧವಾರ ಅವನನ್ನು ಕೋರ್ಟಿನ ಗೇಟಿನಲ್ಲೇ ಅಡ್ಡ ಹಾಕಿದೆ. ಮೊದಲು ಅದೂ ಇದೂ ಎಂದು ಜಾರಿಕೊಂಡ. ಬಿಡಲಿಲ್ಲ. ಆಗ ಎಲ್ಲ ಹೇಳಿದ. ಕಪ್ಪಿನ ಮಾರನೆಯ ದಿನವೇ ಹನೂರಿನವರು ದೂರು ಬರೆದು ಅವನ ಕೈಗೆ ಕೊಟ್ಟಿದ್ದರಂತೆ. ಜ್ಯೋತಿಲಕ್ಷ್ಮಿಯವರು ವರ್ಷದಿಂದ ಒಳಗೆ ಬಿದ್ದ ಚೆಂಡನ್ನು ಔಟ್ ಎಂದು ಕೂಗುತ್ತಾರೆ, ಅವರನ್ನು ಇನ್ನು ಮುಂದೆ ಯಾವ ಆಟಕ್ಕೂ ಸೇರಿಸಬಾರದು ಎಂದು. ನೀನು ಮೂರು ಸಲ ಹನೂರಿಗೆ ಹೋಗಿ, ಅಕ್ಕ ಮೋಸ ಮಾಡುವವರಲ್ಲ, ಕಣ್ಣು ಸರಿಯಾಗಿ ಕಾಣುವುದಿಲ್ಲ, ಅಭಿಮಾನಕ್ಕೆ ಕನ್ನಡಕ ಹಾಕಿಕೊಳ್ಳುತ್ತಿಲ್ಲ, ನಾನು ಹಾಕಿಸುತ್ತೇನೆ ಎಂದು ಟೀಚರ ಕೈ ಹಿಡಿದು ಬೇಡಿಕೊಂಡು ದೂರನ್ನು ವಾಪಸ್ ತೆಗೆಸಿದೆಯಂತೆ. ‘ಅವ್ರು ನಿಮ್ ಮಾನ ಉಳ್ಸವ್ರೆ ಮೇಡಂ, ನೀವ್ ನೋಡುದ್ರೆ ಅವ್ರ್ನೇ ಬೈಕಂಡ್ ತಿರುಗ್ತೀರಿ’ ಎಂದು ಬಸವೇಶ ನನಗೇ ಬುದ್ಧಿ ಹೇಳಿದ. ಬೇಕರಿಯಲ್ಲಿ ಕೂತು ನಾನು ಕಂಡದ್ದು ಅದು.

ನಿನ್ನ ಒಳ್ಳೆಯತನಕ್ಕೆ ಕೈ ಮುಗಿಯಬೇಕೇನೋ. ಆದರೆ ನನಗೆ ಬಂದದ್ದು ಸಿಟ್ಟು. ಸೀರೆಯ ಎಳೆ ನೋಡಿ ಬದುಕುವವಳಿಗೆ ಕಣ್ಣು ಕಾಣುವುದಿಲ್ಲ ಎಂದು ಊರ ತುಂಬ ಹೇಳಿಬಂದರೆ ಅವಳ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ ಎಂದು ನಿನಗೆ ಹೊಳೆಯಲಿಲ್ಲವೇ? ಬಾಮೈದನ ಕಿವಿಗೆ ಬಿದ್ದದ್ದು ಭಾವನ ಕಿವಿಗೆ ಬೀಳುತ್ತದೆ ಎಂದು ಗೊತ್ತಾಗಲಿಲ್ಲವೇ? ಹಸು ಎಮ್ಮೆಗಳ ಜೊತೆ ಇದ್ದೂ ಇದ್ದೂ ಮನುಷ್ಯರ ಬಾಯಿ ಎಷ್ಟು ಉದ್ದ ಎಂದು ಮರೆತುಬಿಟ್ಟೆಯಾ?

ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಔಷಧಿ ಹಾಕಿ ಒಂದು ಗಂಟೆ ಕಣ್ಣು ಮುಚ್ಚಿಸಿ ಕೂರಿಸಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಚೀಟಿ ಬರೆದು ಕೊಟ್ಟರು. ಚೀಟಿ ಇನ್ನೂ ನನ್ನ ಪರ್ಸಿನಲ್ಲೇ ಇದೆ, ಯಾರಿಗೂ ತೋರಿಸಿಲ್ಲ. ಅದರ ವಿಷಯ ಈಗ ಬೇಡ. ಈಗ ನೀನು ಮಾಡಬೇಕಾದದ್ದು ಇಷ್ಟೇ. ಭಾನುವಾರ ಏಳಕ್ಕೆ ಬಂದು ಬಸವೇಶನ ಮುಂದೆ, ಜ್ಯೋತಕ್ಕನ ಕಣ್ಣಿನ ಬಗ್ಗೆ ನಾನು ಹೇಳಿದ್ದು ಸುಳ್ಳು, ಆ ಚೆಂಡಿನ ಬಗ್ಗೆ ಹೇಳಿದ್ದೂ ಪೂರ್ತಿ ಖಾತ್ರಿಯಿಂದಲ್ಲ ಎಂದು ಹೇಳಿಬಿಡು. ಚೆಂಡಿಗೆ ಸುಣ್ಣ ಇರಲಿಲ್ಲವಲ್ಲ, ಅದು ಎಲ್ಲರೂ ಕಂಡದ್ದು. ನನಗೆ ನನ್ನ ಮೇಜು ವಾಪಸ್ ಸಿಗುತ್ತದೆ. ಆಮೇಲೆ ನಾವಿಬ್ಬರೂ ಒಂದು ಸೆಟ್ಟು ಆಡಿದರೆ ಹಲಗೆಯೂ ಉಳಿಯುತ್ತದೆ.

ನೀನಿಲ್ಲದ ಕ್ಲಬ್ಬು ಹೇಗಿದೆ ಎಂದೂ ಹೇಳಿಬಿಡುತ್ತೇನೆ. ಬುಧವಾರ, ಶನಿವಾರ ಹೋಗುತ್ತೇನೆ, ಗೋಡೆಗೆ ಹೊಡೆದು ಬರುತ್ತೇನೆ. ಭಾನುವಾರ ಆಟ ಮುಗಿದ ಮೇಲೆ ಎಲ್ಲರೂ ತಟ್ಟೆ ಇಡ್ಲಿಗೆ ಹೊರಡುತ್ತಾರೆ. ನನ್ನನ್ನೂ ಕರೆಯುತ್ತಾರೆ, ಆದರೆ ಕರೆಯುವ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೊದಲ ವರ್ಷ ನಾನು ಸೀರೆ ಎತ್ತಿ ಕಟ್ಟಿಕೊಂಡು ಆಡುತ್ತಿದ್ದಾಗ ಯಾರೂ ನಗದ ಹಾಗೆ ನೀನು ಎಲ್ಲರನ್ನೂ ಕಣ್ಣು ಬಿಟ್ಟು ನೋಡುತ್ತಿದ್ದದ್ದು, ಆಮೇಲೆ ನನ್ನ ಅಳತೆ ಕೇಳದೆಯೇ ಟ್ರ್ಯಾಕ್ ಪ್ಯಾಂಟು ತಂದುಕೊಟ್ಟದ್ದು, ಎಲ್ಲ ಈಗ ನೆನಪಾಗುತ್ತದೆ. ನಿನ್ನಂಥ ಜೊತೆ ನನಗೆ ಇನ್ನೊಂದು ಸಿಗುವುದಿಲ್ಲ. ಸಿಟ್ಟು ಎಷ್ಟಿದ್ದರೂ ಇದು ನಿಜ, ಇದರಲ್ಲಿ ಅನುಮಾನವಿಲ್ಲ.

ಭಾನುವಾರ ದಾರಿ ನೋಡುತ್ತಿರುತ್ತೇನೆ.

ಇಂತಿ,
ನಿನ್ನ ಮೇಲೆ ಇನ್ನೂ ಮುನಿಸಿರುವ
ಜ್ಯೋತಕ್ಕ

ತಾ.ಕ.: ಸಹಿ ಹಾಕಿ ಎದ್ದ ಮೇಲೆ, ನಿನ್ನ ಇಸ್ತ್ರಿಯ ಉಪಚಾರವೂ ನನಗೆ ಬೇಡ, ಟವೆಲ್ ನೀನೇ ಇಟ್ಟುಕೋ ಎಂದು ಇದರ ಜೊತೆಗೇ ಕಳಿಸೋಣವೆಂದು ಬೀರುವಿನ ಮೇಲಿನ ಕಟ್ಟನ್ನು ಇಳಿಸಿದೆ. ಎರಡು ತಿಂಗಳಲ್ಲಿ ಮೊದಲ ಸಲ ದಾರ ಬಿಚ್ಚಿದೆ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ, ಕೈಗೆ ಅದೇ ಅಭ್ಯಾಸ. ಒಂದು ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ನೀಲಿ ಬಣ್ಣ ಮಾಸಿದೆ. ಅಲ್ಲಿ ಮಾತ್ರ ಎಳೆಗಳು ಸವೆದು ಬಟ್ಟೆ ತೆಳ್ಳಗಾಗಿದೆ. ಸುಣ್ಣದ ಕಲೆ ಹೋಗಲಿ ಎಂದು ಹುಣಿಸೆಹಣ್ಣು ಹಾಕಿ ಎಷ್ಟು ಸಲ ತಿಕ್ಕಿದೆಯೋ, ಮೂಸಿದರೆ ಇನ್ನೂ ವಾಸನೆ ಇದೆ.

ನಿನಗೆ ಗೊತ್ತಿತ್ತು. ಟವೆಲ್ ನೋಡಿದ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಯಾರಿಗೂ ತೋರಿಸದೆ, ತಿಕ್ಕಿ ತಿಕ್ಕಿ ಒಗೆದು, ಅಕ್ಕನಿಗೆ ಕಣ್ಣು ಕಾಣುವುದಿಲ್ಲ ಎಂದು ಮೂರು ಸಲ ಹನೂರಿಗೆ ಹೋಗಿ ಬಂದೆ.

ಚೀಟಿಯನ್ನು ಈ ಕವರಿನಲ್ಲೇ ಇಟ್ಟಿದ್ದೇನೆ, ಓದು. ಎರಡೂ ಕಣ್ಣು ಸರಿಯಾಗಿವೆ, ದೂರದ್ದಕ್ಕೂ ಹತ್ತಿರದ್ದಕ್ಕೂ ಕನ್ನಡಕ ಬೇಡ ಎಂದು ಡಾಕ್ಟರು ಬರೆದಿದ್ದಾರೆ. ಇದನ್ನು ಧಣಿಗೆ ತೋರಿಸಿದರೆ ಮೇಜು ಸಿಗುತ್ತದೆ, ಆದರೆ ಸಂಜೆಯೊಳಗೆ ಬಸವೇಶನಿಗೆ ತಿಳಿಯುತ್ತದೆ, ಕಣ್ಣು ನೆಟ್ಟಗಿದ್ದವಳು ಹಾಗೆ ಏಕೆ ಕೂಗಿದಳು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕೇ ಪರ್ಸಿನಲ್ಲಿ ಮುಚ್ಚಿಟ್ಟುಕೊಂಡು, ನಿನ್ನ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸಿ ತಪ್ಪಿಸಿಕೊಳ್ಳೋಣವೆಂದು ಈ ಇಷ್ಟುದ್ದದ ಕಾಗದ ಬರೆದೆ.

ಚೆಂಡು ಗೆರೆಯ ಮೇಲೆ ಬಿತ್ತು ರೂಪಾ. ಸುಣ್ಣ ಎದ್ದದ್ದನ್ನು ನಾನು ನೋಡಿದೆ. ಬೇಲಿಯ ಹತ್ತಿರ ಎಲ್ಲರಿಗೂ ಬೆನ್ನು ಮಾಡಿ, ಸೊಂಟಕ್ಕೆ ಸಿಕ್ಕಿಸಿದ್ದ ಟವೆಲಿನಲ್ಲಿ ಚೆಂಡನ್ನು ಒರೆಸಿ, ಟವೆಲನ್ನು ನನ್ನ ಬ್ಯಾಗಿಗೆ ತುರುಕಿ ಬಂದೆ. ಅದಕ್ಕೆ ಮುಂಚೆಯೂ ಮೂರು ಸಲ ಒಳಗಿನದನ್ನು ಹೊರಗೆ ಎಂದಿದ್ದೇನೆ. ಆಗೆಲ್ಲ ನೀನು ನನ್ನ ಮುಖ ನೋಡಿ ಸುಮ್ಮನಾಗಿದ್ದೆ. ನನ್ನ ಹೆಸರನ್ನು ಯಾರಾದರೂ ಬಣ್ಣದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದರೆ ಅದು ಆ ಹಲಗೆ ಒಂದೇ. ಅದು ಒಂದು ಮೊಳೆ ಕೆಳಗಿಳಿದರೂ ತಡೆದುಕೊಳ್ಳಲಾರೆ ಎನಿಸಿತ್ತು. ನಾನು ಒರೆಸಿದವಳು, ಆದ್ದರಿಂದ ಎಲ್ಲರೂ ಒರೆಸುವವರೇ ಎಂದುಕೊಂಡೆ. ನಿನ್ನನ್ನೂ.

ಮೇಲೆ ಕೇಳಿದ್ದನ್ನೆಲ್ಲ ಮರೆತುಬಿಡು. ನೀನು ಯಾರ ಮುಂದೆಯೂ ಏನನ್ನೂ ಹೇಳಬೇಕಾಗಿಲ್ಲ. ಟವೆಲ್ ಕಳಿಸುತ್ತಿಲ್ಲ, ಅದನ್ನು ಭಾನುವಾರ ಕೋರ್ಟಿಗೆ ತರುತ್ತೇನೆ. ಚೀಟಿಯನ್ನು ಮುತ್ತಯ್ಯನ ಕೈಯಲ್ಲೇ ವಾಪಸ್ ಕಳಿಸು, ಬಸವೇಶನಿಗೂ ಧಣಿಗೂ ನಾನೇ ಕೊಡುತ್ತೇನೆ. ಹಲಗೆ ಇಳಿಸಿದರೆ ಇಳಿಸಲಿ. ಅದಕ್ಕೆ ಮುಂಚೆ ಆ ಮೂಲೆಯ ಗೆರೆಯ ಹತ್ತಿರ ನಿಂತು, ಹನೂರಿನವರಿಗೂ ಕೇಳಿಸುವ ಹಾಗೆ, ಹತ್ತು ವಾರ ತಡವಾಗಿ, ‘ಒಳಗೆ’ ಎಂದು ಕೂಗುತ್ತೇನೆ. ನೀನು ಬಂದರೆ ನಿನ್ನ ಪಕ್ಕದಲ್ಲಿ, ಬಾರದಿದ್ದರೆ ಒಬ್ಬಳೇ.